ಕೇಕ್ ಕರಕಲಾದರೆ ತಪ್ಪು ಥರ್ಮೋಸ್ಟಾಟ್‌ದೇನಾ? ಓವನ್ ಬಿಚ್ಚುವ ಮೊದಲು ಒಂದಿಷ್ಟು ಪತ್ತೇದಾರಿ

ಡಿಸೆಂಬರ್ ಎರಡನೇ ವಾರ. ಪಕ್ಕದ ಮನೆ ಆಂಟಿ ಕೇಕ್ ಟಿನ್ ಹಿಡಿದುಕೊಂಡು ಬಂದು ನಮ್ಮ ಟೇಬಲ್ ಮೇಲೆ ಇಟ್ಟರು. "ನೋಡಪ್ಪಾ, ಇದನ್ನ ಏನಂತ ಕರೀಬೇಕು ನೀನೇ ಹೇಳು" ಅಂದರು. ಮೇಲುಗಡೆ ಇದ್ದಿಲು. ಚಾಕು ಇಳಿಸಿದರೆ ಒಳಗೆ ಇಡ್ಲಿ ಹಿಟ್ಟಿನ ಹಾಗೆ ಹಸಿ. ತಮಾಷೆ ಏನೆಂದರೆ, ಒಂದು ವಾರದ ಹಿಂದೆ ರಿಪೇರಿಯವನು ಬಂದು, ಓವನ್ ಬಾಗಿಲು ತೆಗೆದು ಹಾಕಿ ನೋಡಿ, "ಮೇಡಂ, ಥರ್ಮೋಸ್ಟಾಟ್ ಹೋಗಿದೆ" ಅಂತ ಹೇಳಿ, ಹೊಸದು ಹಾಕಿ, ದುಡ್ಡು ತಗೊಂಡು ಹೋಗಿದ್ದ. ಇದು ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಮಾಡಿದ ಮೊದಲ ಕೇಕ್.

ಕ್ರಿಸ್‌ಮಸ್, ಹೊಸ ವರ್ಷದ ಹೊತ್ತಿಗೆ ಬೆಂಗಳೂರಿನಲ್ಲಿ ಬೀದಿಗೊಬ್ಬರಾದರೂ ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ಕೊಡುವವರು ಸಿಗುತ್ತಾರೆ. ವರ್ಷವೆಲ್ಲಾ ಅಟ್ಟದ ಮೇಲಿದ್ದ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಚಿಕ್ಕ ಎಲೆಕ್ಟ್ರಿಕ್ ಓವನ್) ಕೆಳಗಿಳಿಯುವುದೂ ಆಗಲೇ, ಅದು ಕೈಕೊಡುವುದೂ ಆಗಲೇ. ಏನೇ ಆದರೂ ಕೇಳಿಬರುವ ಮಾತು ಒಂದೇ, ಥರ್ಮೋಸ್ಟಾಟ್ ಹೋಗಿದೆ. ಹೋಗಿರಬಹುದು. ಆದರೆ ಅದೊಂದು ಊಹೆ, ಅಳೆದು ನೋಡುವವರೆಗೂ ಊಹೆಯೇ. ಅಳೆಯುವುದು ಹೇಗೆ, ಅಳೆದದ್ದನ್ನು ಓದುವುದು ಹೇಗೆ ಅನ್ನುವುದೇ ಈ ಲೇಖನ. ಮುಕ್ಕಾಲು ಪಾಲು ಕೆಲಸಕ್ಕೆ ಸ್ಕ್ರೂಡ್ರೈವರ್ ಕೂಡ ಬೇಕಾಗಿಲ್ಲ.

ಥರ್ಮೋಸ್ಟಾಟ್ ಮಾಡುವ ಕೆಲಸ ಏನು?

ನಿಮ್ಮ ಮನೆ ಸಂಪಿನಲ್ಲಿ ಬಾಲ್ ವಾಲ್ವ್ ಇರುತ್ತದಲ್ವಾ, ಅದನ್ನು ನೆನಪು ಮಾಡಿಕೊಳ್ಳಿ. ಕಾವೇರಿ ನೀರು ಬರುತ್ತಾ ಇರುತ್ತದೆ. ಸಂಪು ತುಂಬಿದ ಹಾಗೆ ಚೆಂಡು ಮೇಲೆ ಬಂದು ನೀರನ್ನು ನಿಲ್ಲಿಸುತ್ತದೆ. ನೀರು ಇಳಿದರೆ ಚೆಂಡೂ ಇಳಿದು ಮತ್ತೆ ನೀರು ಬಿಡುತ್ತದೆ. ಓವನ್ ಒಳಗೆ ಥರ್ಮೋಸ್ಟಾಟ್ ಮಾಡುವುದೂ ಇಷ್ಟೇ. ನೀರಿನ ಬದಲು ಶಾಖ. ನೀವು 180 ಡಿಗ್ರಿಗೆ ಇಟ್ಟರೆ, ಅಷ್ಟು ಬಿಸಿ ಆಗುವವರೆಗೆ ಓವನ್ ಕಾಯಿಸುವ ರಾಡ್‌ಗಳಿಗೆ ಕರೆಂಟ್ ಬಿಡುತ್ತದೆ, ಆದಮೇಲೆ ನಿಲ್ಲಿಸುತ್ತದೆ, ಸ್ವಲ್ಪ ತಣ್ಣಗಾದರೆ ಮತ್ತೆ ಬಿಡುತ್ತದೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಚೆಂಡನ್ನು ಎತ್ತರಕ್ಕೆ ಕಟ್ಟಿದರೆ ಸಂಪು ಬೇಗ ತುಂಬುವುದಿಲ್ಲ, ಜಾಸ್ತಿ ತುಂಬುತ್ತದೆ ಅಷ್ಟೇ. ಹಾಗೆಯೇ ಮಾಮೂಲಿ ಓಟಿಜಿಯಲ್ಲಿ 180 ಬೇಗ ಬರಲಿ ಅಂತ ನಾಬನ್ನು 250ಕ್ಕೆ ತಿರುಗಿಸಿದರೆ ಏನೂ ಬೇಗ ಆಗುವುದಿಲ್ಲ. ರಾಡ್‌ಗಳು ಉರಿದರೆ ಪೂರ್ತಿ ಉರಿಯುತ್ತವೆ, ಇಲ್ಲದಿದ್ದರೆ ಆರುತ್ತವೆ. ಗ್ಯಾಸ್ ಸ್ಟೌವ್ ಥರ ಸಿಮ್ ಅನ್ನುವುದು ಇಲ್ಲಿ ಇಲ್ಲ. ನಾಬ್ ಹೇಳುವುದು ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ.

ಒಳಗೆ ಏನಿರುತ್ತದೆ?

ಮನೆಗಳಲ್ಲಿ ಸಿಗುವುದು ಮೂರು ಬಗೆ.

ಚಿಕ್ಕ ಓಟಿಜಿಗಳಲ್ಲಿ ಹೆಚ್ಚಾಗಿ ಇರುವುದು ಎರಡು ಲೋಹದ ಪಟ್ಟಿ. ಎರಡು ಬೇರೆ ಬೇರೆ ಲೋಹದ ತೆಳು ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ. ಬಿಸಿಯಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಅಂಟಿಕೊಂಡಿರುವುದರಿಂದ ಬೇರೆ ದಾರಿಯಿಲ್ಲದೆ ಪಟ್ಟಿ ಬಾಗುತ್ತದೆ. ಬಾಗಿದಾಗ ಸ್ವಿಚ್ಚಿನ ಎರಡು ತುದಿ ಬಿಟ್ಟುಕೊಳ್ಳುತ್ತವೆ, ಕರೆಂಟ್ ನಿಲ್ಲುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ "ಟಿಕ್" ಅಂತ ಸದ್ದಾಗಿ ಕೆಂಪು ದೀಪ ಆರುತ್ತದಲ್ಲ, ಅದೂ ಇದೇ ಪಟ್ಟಿಯ ಕೆಲಸ. ಹೊಸ ಸಂಗತಿ ಏನಲ್ಲ. ಆಂಡ್ರ್ಯೂ ಯೂರ್ ಅನ್ನುವ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ 1830ರಲ್ಲೇ ಇಂಥ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದಿದ್ದ.

ಗೋಡೆಯೊಳಗೆ ಕೂರಿಸುವ ದೊಡ್ಡ ಓವನ್‌ಗಳಲ್ಲಿ ನಾಬ್ ಇದ್ದರೆ ಸಾಮಾನ್ಯವಾಗಿ ಎರಡನೇ ಬಗೆ. ಪೆನ್ಸಿಲ್ಲಿಗಿಂತ ಸಣ್ಣದೊಂದು ಲೋಹದ ಕೊಳವೆ ಓವನ್ ಒಳಗೋಡೆಗೆ ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅದರೊಳಗೆ ದ್ರವ ಇರುತ್ತದೆ. ಅಲ್ಲಿಂದ ಕೂದಲಿನಂಥ ತೆಳು ತಾಮ್ರದ ಅಥವಾ ಸ್ಟೀಲಿನ ನಾಳ ನಾಬಿನ ಹಿಂದಕ್ಕೆ ಹೋಗುತ್ತದೆ. ಬಿಸಿಗೆ ದ್ರವ ಹಿಗ್ಗಿ, ನಾಳದಲ್ಲಿ ಒತ್ತಡ ಹೆಚ್ಚಿ, ಆ ತುದಿಯಲ್ಲಿರುವ ಸ್ವಿಚ್ಚನ್ನು ತಳ್ಳುತ್ತದೆ.

ಮೂರನೆಯದು ಡಿಸ್‌ಪ್ಲೇ ಇರುವ ಓವನ್‌ಗಳದ್ದು. ಇವುಗಳಲ್ಲಿ ಥರ್ಮೋಸ್ಟಾಟ್ ಅನ್ನುವ ಒಂದೇ ಬಿಡಿಭಾಗ ಇರುವುದಿಲ್ಲ. ಬಿಸಿ ಅಳೆಯಲು ಒಂದು ಸೆನ್ಸರ್, ಲೆಕ್ಕ ಹಾಕಲು ಒಂದು ಬೋರ್ಡ್, ಕರೆಂಟ್ ಬಿಡಲು ಒಂದು ರಿಲೇ. ಕೆಟ್ಟರೆ ಮೂರರಲ್ಲಿ ಯಾವುದು ಅಂತ ನೋಡಬೇಕು. ಸೆನ್ಸರ್ ಹೋಗಿದ್ದಕ್ಕೆ ಬೋರ್ಡ್ ಬದಲಾಯಿಸಿದರೆ ಜೇಬಿಗೆ ದೊಡ್ಡ ತೂತು.

ಏರಿಳಿತ ಕಾಯಿಲೆಯಲ್ಲ

ಬಹಳ ಜನ ಹೆದರುವುದು ಇಲ್ಲೇ. ಒಳಗೆ ಥರ್ಮಾಮೀಟರ್ ಇಟ್ಟು, ಒಂದು ಸಲ 170 ತೋರಿಸಿತು, ಇನ್ನೊಂದು ಸಲ 192 ತೋರಿಸಿತು, ಓವನ್ ಹಾಳಾಗಿದೆ ಅಂದುಕೊಳ್ಳುತ್ತಾರೆ. ಆದರೆ ಪಟ್ಟಿ ಬಾಗಲು ಒಂದು ಬಿಸಿ, ವಾಪಸ್ ನೆಟ್ಟಗಾಗಲು ಅದಕ್ಕಿಂತ ಕಡಿಮೆ ಬಿಸಿ ಬೇಕು. ಈ ಎರಡರ ನಡುವೆ ಅಂತರ ಇರಲೇಬೇಕು, ಇಲ್ಲದಿದ್ದರೆ ಸ್ವಿಚ್ ನಿಮಿಷಕ್ಕೆ ಹತ್ತು ಸಲ ಟಿಕ್ ಟಿಕ್ ಅಂತ ಹೊಡೆದುಕೊಂಡು ಬೇಗ ಸವೆದುಹೋಗುತ್ತದೆ. ಸಾಲದ್ದಕ್ಕೆ, ಕರೆಂಟ್ ನಿಂತ ಮೇಲೂ ಕಾದ ರಾಡ್ ಒಂದಷ್ಟು ಹೊತ್ತು ಶಾಖ ಬಿಡುತ್ತಲೇ ಇರುತ್ತದೆ. ಹಾಗಾಗಿ ಇಟ್ಟ ಅಂಕಿಗಿಂತ ಹತ್ತು ಹದಿನೈದು ಡಿಗ್ರಿ ಮೇಲೆ ಕೆಳಗೆ ಆಡುವುದು ಮಾಮೂಲು. ಅಗ್ಗದ ಚಿಕ್ಕ ಓಟಿಜಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ.

ನೋಡಬೇಕಾದದ್ದು ಸರಾಸರಿಯನ್ನು. ಒಂದು ರೀಡಿಂಗ್ ನೋಡಿ ತೀರ್ಪು ಕೊಡುವುದು, ಸಿಗ್ನಲ್‌ನಲ್ಲಿ ನಿಂತ ಬಸ್ಸನ್ನು ನೋಡಿ ಕೆಟ್ಟುನಿಂತಿದೆ ಅಂದ ಹಾಗೆ.

ಅಳೆಯುವ ಮೊದಲು ಇವಿಷ್ಟು ನೋಡಿಬಿಡಿ

ಓವನ್ ಬಿಸಿಯೇ ಆಗುತ್ತಿಲ್ಲವಾ? ಮೊದಲು ಟೈಮರ್ ತಿರುಗಿಸಿ. ಓಟಿಜಿಯಲ್ಲಿ ಟೈಮರ್ ಸೊನ್ನೆಯಲ್ಲಿದ್ದರೆ ಕರೆಂಟ್ ಥರ್ಮೋಸ್ಟಾಟ್ ತನಕವೂ ಹೋಗುವುದಿಲ್ಲ. ನಗಬೇಡಿ, ಹೊಸ ಓಟಿಜಿ ಸತ್ತುಹೋಗಿದೆ ಅಂತ ಗೆಳೆಯನೊಬ್ಬ ನನ್ನನ್ನು ವಿಜಯನಗರದಿಂದ ಬನಶಂಕರಿವರೆಗೆ ಕರೆಸಿಕೊಂಡಿದ್ದ. ಟೈಮರ್ ತಿರುಗಿಸಿ, ಕಾಫಿ ಕುಡಿದು ಬಂದೆ.

ರೆಸಿಪಿಯಲ್ಲಿ 350 ಅಂತಿದೆಯಾ? ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು 177 ಡಿಗ್ರಿ ಸೆಲ್ಸಿಯಸ್. ಒಳಗೆ ಫ್ಯಾನ್ ತಿರುಗುವ ಕನ್ವೆಕ್ಷನ್ ಮೋಡ್ ಹಾಕಿದ್ದರೆ, ಮಾಮೂಲಿ ರೆಸಿಪಿಗಿಂತ ಸುಮಾರು 20 ಡಿಗ್ರಿ ಕಡಿಮೆ ಇಡುವುದು ರೂಢಿ. ಬಿಸಿ ಗಾಳಿ ಓಡಾಡುವಾಗ ಬೇಗ ಬೇಯುತ್ತದೆ.

ಮೇಲಿನ ರಾಡ್, ಕೆಳಗಿನ ರಾಡ್, ಎರಡೂ ಅಂತ ಆರಿಸುವ ನಾಬ್ ಎಲ್ಲಿದೆ ನೋಡಿ. ಟೋಸ್ಟ್ ಮಾಡಿದವರು ಮೇಲಿನ ರಾಡ್ ಮಾತ್ರ ಅಂತ ಬಿಟ್ಟು ಹೋಗಿರುತ್ತಾರೆ.

ಆಮೇಲೆ ವೋಲ್ಟೇಜ್. ಇದು ಸ್ವಲ್ಪ ಬಿಡಿಸಿ ಹೇಳಬೇಕು. ರಾಡ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದರೆ ಬರುವ ಅಂಕಿಗೆ ತಕ್ಕಂತೆ ಇರುತ್ತದೆ. 230 ವೋಲ್ಟ್ ಬರಬೇಕಾದ ಕಡೆ 190 ಬಂದರೆ, ಕಡಿಮೆಯಾದದ್ದು ಬರೀ 17 ಶೇಕಡಾ ಅನ್ನಿಸುತ್ತದೆ. ಆದರೆ ಶಾಖ ಮೂರನೇ ಒಂದು ಭಾಗದಷ್ಟು ಬಿದ್ದುಹೋಗುತ್ತದೆ. 1500 ವಾಟಿನ ಓವನ್ ಸುಮಾರು 1020 ವಾಟಿನ ಓವನ್ ಆಗುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ಮೋಟರ್, ಗೀಸರ್ ಓಡುವಾಗ ಕೇಕ್ ಇಟ್ಟು, ಮಧ್ಯಾಹ್ನ ಚೆನ್ನಾಗಿ ಬಂದದ್ದು ಈಗ ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಳ್ಳುವವರು ಇದ್ದಾರೆ. ಲೂಸ್ ಆದ ಸಾಕೆಟ್, ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ಇದೇ ಕೆಲಸ ಮಾಡುತ್ತವೆ. 1500 ವಾಟಿನ ಓವನ್ ಎಳೆಯುವ ಕರೆಂಟ್ ಆರೂವರೆ ಆಂಪ್. ಮೊಬೈಲ್ ಚಾರ್ಜ್ ಮಾಡುವ ಚಿಕ್ಕ ಸಾಕೆಟ್ಟಿಗೆ ಅದು ಭಾರವೇ. ಪ್ಲಗ್ ಮುಟ್ಟಿ ನೋಡಿದಾಗ ಕೈ ಸುಟ್ಟರೆ ಓವನ್ ಬಿಡಿ, ಸಾಕೆಟ್ ನೋಡಿಸಿ.

ಇದರಲ್ಲಿ ಒಂದು ಸುಳಿವು ಇದೆ. ವೋಲ್ಟೇಜ್ ಕಡಿಮೆ ಇದ್ದರೆ ಓವನ್ ನಿಧಾನಕ್ಕೆ ಬಿಸಿಯಾಗುತ್ತದೆ, ಆದರೆ ಕೊನೆಗೆ ಸರಿಯಾದ ಬಿಸಿಯಲ್ಲೇ ಟಿಕ್ ಅಂತ ನಿಲ್ಲುತ್ತದೆ. ಥರ್ಮೋಸ್ಟಾಟ್ ತಪ್ಪಿದ್ದರೆ ಬೇಗನೋ ತಡವಾಗಿಯೋ ನಿಲ್ಲುವ ಅಂಕಿಯೇ ತಪ್ಪಿರುತ್ತದೆ. ನಿಧಾನ ಅನ್ನುವುದು ಬೇರೆ, ತಪ್ಪು ಅನ್ನುವುದು ಬೇರೆ.

ಈಗ ಅಳೆಯೋಣ

ಬೇಕಾದದ್ದು ಓವನ್ ಥರ್ಮಾಮೀಟರ್. ಗಡಿಯಾರದ ಮುಖದಂಥದ್ದು, ಒಳಗೆ ತಂತಿ ಜಾಲರಿ ಮೇಲೆ ನಿಲ್ಲುತ್ತದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ದೂರದಿಂದ ಗುಂಡಿ ಒತ್ತಿ ನೋಡುವ ಇನ್‌ಫ್ರಾರೆಡ್ ಗನ್ ಈ ಕೆಲಸಕ್ಕೆ ಬೇಡ. ಅದು ಅಳೆಯುವುದು ಗಾಳಿಯ ಬಿಸಿಯನ್ನಲ್ಲ, ಎದುರಿಗಿರುವ ಮೇಲ್ಮೈಯದ್ದು. ಹೊಳೆಯುವ ತಗಡು ಎದುರಾದರೆ ಅದನ್ನೂ ತಪ್ಪು ಹೇಳುತ್ತದೆ.

ಕಡ್ಡಿಯಂಥ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಮೊದಲು ಅದನ್ನೇ ಪರೀಕ್ಷೆ ಮಾಡಿಕೊಳ್ಳಬಹುದು. ಕುದಿಯುವ ನೀರಿಗೆ ತುದಿ ಅದ್ದಿ. ಪುಸ್ತಕದಲ್ಲಿ 100 ಅಂತ ಓದಿದ್ದೀವಿ, ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. 97 ತೋರಿಸಿದರೆ ಥರ್ಮಾಮೀಟರ್ ಸರಿಯಾಗಿದೆ. 100 ಬರಲಿಲ್ಲ ಅಂತ ವಾಪಸ್ ಕಳಿಸಬೇಡಿ.

ಇನ್ನು ಕ್ರಮ. ಓವನ್ ಖಾಲಿ ಇರಲಿ. ಮಧ್ಯದ ಜಾಲರಿ, ಅದರ ಮಧ್ಯದಲ್ಲಿ ಥರ್ಮಾಮೀಟರ್, ಗಾಜಿನಿಂದ ಕಾಣುವ ಹಾಗೆ. ಎರಡೂ ರಾಡ್ ಆನ್. 180ಕ್ಕೆ ಇಡಿ. ದೀಪ ಮೊದಲ ಸಲ ಆರಿದ ಕೂಡಲೇ ಓದಬೇಡಿ. ಆಗ ಗಾಳಿ ಮಾತ್ರ ಕಾದಿರುತ್ತದೆ, ಗೋಡೆ ಇನ್ನೂ ಕಾದಿರುವುದಿಲ್ಲ. ಅರ್ಧ ಗಂಟೆ ಬಿಟ್ಟುಬಿಡಿ. ಆಮೇಲೆ ಐದೈದು ನಿಮಿಷಕ್ಕೆ ಒಂದು ಸಲ ಅಂತ ಆರು ಸಲ ಬರೆದುಕೊಳ್ಳಿ. ಬಾಗಿಲು ತೆಗೆಯಬಾರದು, ತೆಗೆದರೆ ಬಿಸಿ ಗಾಳಿಯೆಲ್ಲಾ ಮುಖಕ್ಕೆ ಬಂದು ರೀಡಿಂಗ್ ಕೆಟ್ಟಿತು.

ಜೊತೆಗೆ ಕಿವಿ ಕೊಡಿ. ಥರ್ಮೋಸ್ಟಾಟ್ ಸದ್ದು ಒಂದೇ ಒಂದು ಗಟ್ಟಿ ಟಿಕ್, ಆಮೇಲೆ ನಿಮಿಷಗಟ್ಟಲೆ ಮೌನ. ಟೈಮರಿನದ್ದು ಹಳೇ ಅಲಾರಾಂ ಗಡಿಯಾರದ ಹಾಗೆ ಸಣ್ಣಗೆ, ಬಿಡದೆ. ಎರಡನ್ನೂ ಬೇರೆ ಮಾಡಿ ಕೇಳಲು ಐದು ನಿಮಿಷ ಸಾಕು. ದೀಪವನ್ನು ಪೂರ್ತಿ ನಂಬಬೇಡಿ. ಕೆಲವು ಓವನ್‌ಗಳಲ್ಲಿ ಅದು ರಾಡ್ ಉರಿಯುವಾಗ ಮಾತ್ರ ಹತ್ತುತ್ತದೆ, ಕೆಲವದರಲ್ಲಿ ಟೈಮರ್ ಓಡುವಷ್ಟು ಹೊತ್ತೂ ಹತ್ತಿಕೊಂಡೇ ಇರುತ್ತದೆ.

ಥರ್ಮಾಮೀಟರ್ ಇಲ್ವಾ? ಸಕ್ಕರೆ ಇದೆಯಲ್ಲ

ಅಡುಗೆಮನೆಯಲ್ಲೇ ಒಂದು ಥರ್ಮಾಮೀಟರ್ ಇದೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಅಲ್ಯೂಮಿನಿಯಂ ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ತೆಳ್ಳಗೆ ಹರಡಿ. ಓವನ್ನನ್ನು 165ಕ್ಕೆ ಚೆನ್ನಾಗಿ ಕಾಯಿಸಿ, ಮಧ್ಯದ ಜಾಲರಿಯಲ್ಲಿ ಇಟ್ಟು ಹದಿನೈದು ನಿಮಿಷ ಬಿಡಿ. ಹರಳು ಹರಳಾಗಿಯೇ ಇರಬೇಕು. ಆಮೇಲೆ ಹೊಸ ಸಕ್ಕರೆ, 205 ಡಿಗ್ರಿ, ಮತ್ತೆ ಹದಿನೈದು ನಿಮಿಷ. ಈಗ ಕರಗಿ ಪಾಕದ ಬಣ್ಣಕ್ಕೆ ತಿರುಗಿರಬೇಕು.

165ರಲ್ಲೇ ಕರಗಿದರೆ ಓವನ್ ಹೇಳಿದ್ದಕ್ಕಿಂತ ಜಾಸ್ತಿ ಕಾಯುತ್ತಿದೆ. 205ರಲ್ಲೂ ಕರಗಲಿಲ್ಲವೆಂದರೆ ಕಡಿಮೆ ಕಾಯುತ್ತಿದೆ. 175 ಮತ್ತು 190ರಲ್ಲಿ ಈ ಪರೀಕ್ಷೆ ಮಾಡುವವರೂ ಇದ್ದಾರೆ. ಓಟಿಜಿಯ ಏರಿಳಿತಕ್ಕೆ ಅಷ್ಟು ಕಿರಿದಾದ ಅಂತರ ಸಾಲದು ಅಂತ ನಾನು ಅಗಲ ಮಾಡಿಕೊಂಡಿದ್ದೇನೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ, ಜಾಸ್ತಿ ಹೊತ್ತು ಬಿಟ್ಟರೆ ಸಕ್ಕರೆ ಕಡಿಮೆ ಬಿಸಿಯಲ್ಲೂ ಮೆತ್ತಗಾಗಲು ಶುರುವಾಗುತ್ತದೆ. ಬೆಲ್ಲದಲ್ಲಿ ಮಾಡಬಹುದಾ ಅಂತ ಆಂಟಿ ಕೇಳಿದರು. ಆಗುವುದಿಲ್ಲ, ಬೆಲ್ಲದಲ್ಲಿ ನೀರಿನಂಶ ಇದೆ, ಅದು ಬೇಗ ಕರಗಿ ಸುಳ್ಳು ಹೇಳುತ್ತದೆ.

ಅಂಕಿಗಳು ಏನು ಹೇಳುತ್ತವೆ?

ಮೂರು ಉದಾಹರಣೆ ಕೊಡುತ್ತೇನೆ. ಎಲ್ಲದರಲ್ಲೂ ನಾಬ್ ಇರುವುದು 180ರಲ್ಲಿ.

ಮೊದಲ ಓವನ್: 172, 190, 176, 188, 174, 189. ಸರಾಸರಿ 181.5. ಏರಿಳಿತ ಕಣ್ಣಿಗೆ ಹೊಡೆಯುತ್ತದೆ, ಆದರೆ ಥರ್ಮೋಸ್ಟಾಟ್ ಗುಂಡುಕಲ್ಲಿನ ಹಾಗಿದೆ. ಕೇಕ್ ಕೆಟ್ಟರೆ ಕಾರಣ ಬೇರೆ ಕಡೆ ಹುಡುಕಿ.

ಎರಡನೆಯದು: 205, 222, 208, 224, 206, 219. ಸರಾಸರಿ 214. ಇದೂ ಏರಿ ಇಳಿಯುತ್ತಿದೆ, ಅಂದರೆ ಥರ್ಮೋಸ್ಟಾಟ್ ಬದುಕಿದೆ, ಸ್ವಿಚ್ ಬಿಡುತ್ತಿದೆ, ಹಿಡಿಯುತ್ತಿದೆ. ಆದರೆ ಲೆಕ್ಕ 34 ಡಿಗ್ರಿ ತಪ್ಪಿದೆ. ವರ್ಷಗಟ್ಟಲೆ ಕಾದು ಆರಿ ಪಟ್ಟಿ ತನ್ನ ಹದ ಕಳೆದುಕೊಂಡಿರಬಹುದು. ಅಥವಾ ಬರೀ ನಾಬ್ ತನ್ನ ಕಡ್ಡಿಯ ಮೇಲೆ ಜಾರಿ, ತೋರಿಸುವ ಅಂಕಿಯೇ ಸುಳ್ಳಾಗಿರಬಹುದು. ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಗುರುತು ಶುರುವಿನ ಅಂಕಿಗೆ ಸರಿಯಾಗಿ ನಿಲ್ಲುತ್ತದಾ ನೋಡಿ. ನಾಬ್ ಸರಿ ಇದ್ದು ಲೆಕ್ಕ ಮಾತ್ರ ತಪ್ಪಿದ್ದರೆ, ಯಾವಾಗಲೂ ಅಷ್ಟೇ ತಪ್ಪುತ್ತದಾ ಅನ್ನುವುದನ್ನು 150ರಲ್ಲಿ, 200ರಲ್ಲಿ ಇನ್ನೊಂದೊಂದು ಸಲ ನೋಡಿ. ಒಂದೇ ಸಮ ತಪ್ಪಿದರೆ ನನ್ನ ಪ್ರಕಾರ ರಿಪೇರಿಯೇ ಬೇಡ. ಒಂದು ಮಾಸ್ಕಿಂಗ್ ಟೇಪ್ ಅಂಟಿಸಿ, ನಿಜವಾದ 180 ಎಲ್ಲಿ ಬರುತ್ತದೋ ಅಲ್ಲಿ ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳಿ. ನನ್ನ ಓಟಿಜಿ ಮೂರು ವರ್ಷದಿಂದ ಟೇಪಿನ ಮೇಲೇ ನಡೆಯುತ್ತಿದೆ.

ಮೂರನೆಯದು: 190, 215, 238, 251, 262. ಇಲ್ಲಿಗೆ ನಿಲ್ಲಿಸಿ, ಪ್ಲಗ್ ಕೀಳಿ. ಇದು ಇಳಿಯುತ್ತಲೇ ಇಲ್ಲ. ಟಿಕ್ ಸದ್ದೂ ಬಂದಿರುವುದಿಲ್ಲ. ಸ್ವಿಚ್ಚಿನ ಎರಡು ತುದಿ ಕಿಡಿ ಹಾರಿ ಹಾರಿ ಒಂದಕ್ಕೊಂದು ಬೆಸೆದುಕೊಂಡಿರಬಹುದು. ಕೊಳವೆ ಇರುವ ಬಗೆಯಾದರೆ ನಾಳ ಒಡೆದು ದ್ರವ ಸೋರಿಹೋಗಿರಬಹುದು. ಸೋರಿದರೆ ಒತ್ತಡ ಹುಟ್ಟುವುದಿಲ್ಲ. ಒತ್ತಡ ಇಲ್ಲದಿದ್ದರೆ ಮಾಮೂಲಿ ಥರ್ಮೋಸ್ಟಾಟ್‌ಗೆ ಓವನ್ ಇನ್ನೂ ತಣ್ಣಗಿದೆ ಅನ್ನಿಸುತ್ತದೆ, ಅದು ಕರೆಂಟ್ ಬಿಡುತ್ತಲೇ ಹೋಗುತ್ತದೆ. ಇಂಥ ಓವನ್ನನ್ನು ನೋಡಿಕೊಂಡು ಬಳಸುತ್ತೀನಿ ಅನ್ನುವ ಮಾತು ಬೇಡ. ಬೆಂಕಿ ಹತ್ತಿಕೊಳ್ಳುವ ಅಪಾಯ ಇರುವುದು ಈ ಒಂದರಲ್ಲೇ.

ನಾಲ್ಕನೇ ಸ್ಥಿತಿಯೂ ಇದೆ, ಬಿಸಿಯೇ ಆಗದ್ದು. ಸ್ವಿಚ್ಚಿನ ತುದಿಗಳು ಕಪ್ಪುಗಟ್ಟಿ ಕರೆಂಟ್ ದಾಟದೇ ಇದ್ದರೆ ಹೀಗಾಗುತ್ತದೆ. ಆದರೆ ಟೈಮರ್, ಫ್ಯೂಸ್, ವೈರ್ ಯಾವುದು ಕಡಿದರೂ, ರಾಡ್‌ಗಳೆಲ್ಲಾ ಹೋದರೂ ಇದೇ ಲಕ್ಷಣ. ಹಳೇ ಕಾಲದ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಸಾಲೆಲ್ಲಾ ಆರುತ್ತಿತ್ತಲ್ಲ, ಹಾಗೆ. ಇದನ್ನು ಹೊರಗಿಂದ ಹೇಳಲು ಆಗುವುದಿಲ್ಲ, ಕರೆಂಟ್ ದಾಟುವ ದಾರಿ ಕಡಿದಿದೆಯಾ ಅಂತ ನೋಡುವ ಮಲ್ಟಿಮೀಟರ್ ಬೇಕು.

ಆಂಟಿಯ ಓವನ್ ಮತ್ತು ಎಂಟು ಬ್ರೆಡ್ ತುಂಡು

ಆಂಟಿ ಮನೆ ಓವನ್ನಿನ ಸರಾಸರಿ 180ರ ಹತ್ತಿರವೇ ಬಂತು. ಕಾಯಲು ಮಾತ್ರ ಬಹಳ ಹೊತ್ತು ತಗೊಂಡಿತು. ಹಾಗಾದರೆ ಕೇಕ್ ಯಾಕೆ ಹಾಗಾಯಿತು? ರಸ್ತೆ ಕೊನೆಯ ಅಯ್ಯಂಗಾರ್ ಬೇಕರಿಯಿಂದ ಒಂದು ಪೌಂಡ್ ಬ್ರೆಡ್ ತರಿಸಿ, ಎಂಟು ತುಂಡನ್ನು ಜಾಲರಿ ತುಂಬಾ ಜೋಡಿಸಿ, ಎರಡೂ ರಾಡ್ ಹಾಕಿ ಹತ್ತು ನಿಮಿಷ ಬಿಟ್ಟೆವು. ತೆಗೆದು ನೋಡಿದರೆ ಮೇಲುಗಡೆ ಕಡು ಕಂದು. ತಿರುಗಿಸಿದರೆ ಕೆಳಗೆ ಬೇಕರಿಯಿಂದ ಬಂದ ಹಾಗೇ ಬೆಳ್ಳಗೆ. ಅಡುಗೆಮನೆ ದೀಪ ಆರಿಸಿ ಒಳಗೆ ಇಣುಕಿದೆವು. ಮೇಲಿನ ರಾಡ್‌ಗಳು ಕೆಂಡದ ಬಣ್ಣ. ಕೆಳಗೆ ಕತ್ತಲೆ.

ಕೆಳಗಿನ ರಾಡ್ ಸತ್ತಿತ್ತು, ಅಷ್ಟೇ. ಇಡೀ ಪೆಟ್ಟಿಗೆಯನ್ನು ಕಾಯಿಸುವ ಭಾರ ಮೇಲಿನವುಗಳ ಮೇಲೇ ಬಿದ್ದಿತ್ತು. ಗಾಳಿ 180 ಮುಟ್ಟುವ ತನಕ ಥರ್ಮೋಸ್ಟಾಟ್ ಅವುಗಳನ್ನು ಉರಿಸುತ್ತಲೇ ಇತ್ತು, ಅದರ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಎರಡು ರಾಡ್ ಹಂಚಿಕೊಂಡು ಮಾಡುವ ಕೆಲಸವನ್ನು ಒಂದೇ ಕಡೆಯಿಂದ ದುಪ್ಪಟ್ಟು ಹೊತ್ತು ಮಾಡಿದಾಗ ಕೇಕಿನ ನೆತ್ತಿ ಸುಟ್ಟಿತು, ಹೊಟ್ಟೆ ಹಸಿಯಾಗಿ ಉಳಿಯಿತು.

ಬ್ರೆಡ್ ತುಂಡುಗಳು ಇನ್ನೂ ಕೆಲವು ಸಂಗತಿ ಹೇಳುತ್ತವೆ. ಬಾಗಿಲ ಕಡೆಯ ಸಾಲು ಬೆಳ್ಳಗೆ, ಹಿಂದಿನದು ಕಂದು ಆದರೆ ಬಾಗಿಲು ಸರಿಯಾಗಿ ಕೂರುತ್ತಿಲ್ಲ. ದೊಡ್ಡ ಓವನ್‌ಗಳಲ್ಲಿ ಬಾಗಿಲ ಸುತ್ತ ರಬ್ಬರಿನಂಥ ಗ್ಯಾಸ್ಕೆಟ್ ಇರುತ್ತದೆ. ತಣ್ಣಗಿರುವಾಗ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ, ಸಲೀಸಾಗಿ ಜಾರಿ ಬಂದ ಕಡೆ ಶಾಖವೂ ಜಾರುತ್ತದೆ. ಎಲ್ಲಾ ತುಂಡೂ ಎರಡೂ ಕಡೆ ಸಮನಾಗಿ ಕಂದಾದರೆ ರಾಡ್, ಬಾಗಿಲು ಎರಡೂ ಸರಿ. ಆಗ ಟಿನ್ ಎತ್ತರವಾಗಿ ಮೇಲಿನ ರಾಡಿಗೆ ತಾಗುವಷ್ಟು ಹತ್ತಿರ ಇತ್ತಾ ಅಂತ ನೋಡಿ.

ಮೀಟರ್ ಹಿಡಿಯುವವರಿಗೆ

ಇಲ್ಲಿಂದ ಮುಂದೆ ಓವನ್ ಬಿಚ್ಚುವ ಕೆಲಸ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಗೋಡೆಯೊಳಗಿನ ಓವನ್ ಆದರೆ ಮನೆಯ ಮೇನ್ ಬೋರ್ಡಿನಲ್ಲಿ ಅದರ ಎಂಸಿಬಿ ಸ್ವಿಚ್ ಇಳಿಸಿ. ವೈರ್ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಎರಡು ಫೋಟೊ ತೆಗೆಯಿರಿ. ಇದು ಓಟಿಜಿ ಮತ್ತು ಎಲೆಕ್ಟ್ರಿಕ್ ಓವನ್‌ಗಳ ಮಾತು. ಮೈಕ್ರೋವೇವ್ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಕೈ ಅಳುಕುತ್ತಿದ್ದರೆ ಈ ಭಾಗ ಓದಿ ಇಟ್ಟುಕೊಳ್ಳಿ, ರಿಪೇರಿಯವರು ಮಾಡುವುದನ್ನು ನೋಡಿ ಪ್ರಶ್ನೆ ಕೇಳಲಾದರೂ ಆಗುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ ಬೀದಿ ಎಸ್.ಪಿ. ರೋಡಿನಲ್ಲಿ ಸಿಗುವ ಮಾಮೂಲಿ ಮಲ್ಟಿಮೀಟರ್ ಸಾಕು. ಥರ್ಮೋಸ್ಟಾಟಿನ ಎರಡು ತುದಿಯ ವೈರ್ ಬಿಚ್ಚಿ, ಮೀಟರನ್ನು ಬೀಪ್ ಬರುವ ಕಡೆ ಇಟ್ಟು, ಎರಡು ತುದಿಗೆ ಮುಟ್ಟಿಸಿ. ಓವನ್ ತಣ್ಣಗಿದೆ, ನಾಬ್ 150ರ ಮೇಲಿದೆ ಅಂದರೆ ಬೀಪ್ ಬರಬೇಕು. ಬರಲಿಲ್ಲವೆಂದರೆ ಸ್ವಿಚ್ ಕಡಿದಿದೆ, ಥರ್ಮೋಸ್ಟಾಟ್ ಹೋಗಿದೆ ಅಂತ ಈಗ ಧೈರ್ಯವಾಗಿ ಹೇಳಬಹುದು.

ಬೀಪ್ ಬಂದರೆ ಅರ್ಧ ಉತ್ತರ ಮಾತ್ರ. ಬಿಸಿಯಾದಾಗ ಬಿಡುತ್ತದಾ? ಕೊಳವೆ ಬಗೆಯದ್ದಾದರೆ ಸುಲಭ. ನಾಬನ್ನು 50ರ ಹತ್ತಿರ ತಂದು, ಕೊಳವೆಯ ತುದಿಯನ್ನು ಕುದಿದ ನೀರಿನ ಲೋಟಕ್ಕೆ ಅದ್ದಿ. ಕೆಲವೇ ಕ್ಷಣದಲ್ಲಿ ಟಿಕ್ ಅಂದು ಬೀಪ್ ನಿಲ್ಲಬೇಕು. ಹೊರಗೆ ತೆಗೆದು ಆರಿಸಿದರೆ ಮತ್ತೆ ಬೀಪ್. ಪಟ್ಟಿ ಬಗೆಯದ್ದಕ್ಕೆ ನೀರು ಬೇಡ, ನಾಬ್ ಕೆಳಗಿಟ್ಟು ಹೇರ್ ಡ್ರೈಯರಿನ ಬಿಸಿ ಗಾಳಿ ಹತ್ತಿರದಿಂದ ಬಿಡಿ.

ರಾಡನ್ನೂ ಹೀಗೇ ನೋಡಬಹುದು, ಓಮ್ ಅಳತೆಯಲ್ಲಿ, ಅಂದರೆ ಕರೆಂಟಿಗೆ ರಾಡ್ ಒಡ್ಡುವ ತಡೆ ಎಷ್ಟು ಅಂತ. ಎರಡೂ ಕಡೆಯ ರಾಡ್ ಸೇರಿ 1500 ವಾಟ್ ಅಂದರೆ ಒಟ್ಟು ಸುಮಾರು 35 ಓಮ್ ಬರಬೇಕು, 2000 ವಾಟ್ ಆದರೆ 26ರ ಆಸುಪಾಸು. ಮೀಟರ್ ಅಲುಗಾಡಲೇ ಇಲ್ಲವೆಂದರೆ ರಾಡ್ ಒಳಗೆ ತಂತಿ ಕಡಿದಿದೆ.

ಡಿಸ್‌ಪ್ಲೇ ಇರುವ ಓವನ್‌ಗಳಲ್ಲಿ ಅಳೆಯುವುದು ಸೆನ್ಸರನ್ನು. ಪಿಟಿ1000 ಅನ್ನುವ ಬಗೆ ಹಾಕಿದ್ದರೆ, ಬೆಂಗಳೂರಿನ 25 ಡಿಗ್ರಿ ಕೋಣೆಯಲ್ಲಿ ಸುಮಾರು 1097 ಓಮ್ ತೋರಿಸಬೇಕು, ಒಂದೊಂದು ಡಿಗ್ರಿಗೆ ಸುಮಾರು 3.8 ಓಮ್ ಏರಬೇಕು. ಅಷ್ಟು ಸರಿ ಇದ್ದೂ ಓವನ್ ಹುಚ್ಚಾಟ ಆಡಿದರೆ ಅನುಮಾನ ರಿಲೇ ಕಡೆಗೆ, ಬೋರ್ಡ್ ಕಡೆಗೆ ತಿರುಗುತ್ತದೆ. ಬೇರೆ ಬಗೆಯ ಸೆನ್ಸರ್‌ಗಳೂ ಇವೆ, ಅವುಗಳ ಅಂಕಿ ಬೇರೆ. ಯಾವುದು ಅಂತ ಕೈಪಿಡಿ ನೋಡದೆ ತೀರ್ಮಾನ ಬೇಡ.

ಮಳೆಗಾಲ ಕಳೆದು ಅಟ್ಟದಿಂದ ಇಳಿಸಿದ ಓವನ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆದರೆ ಅದಕ್ಕೂ ಥರ್ಮೋಸ್ಟಾಟ್‌ಗೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ. ಲೋಹದ ರಾಡ್ ಒಳಗೆ ತಂತಿಯ ಸುತ್ತ ತುಂಬಿರುವ ಬಿಳಿ ಪುಡಿ ತೇವ ಹೀರಿಕೊಂಡು, ಕರೆಂಟ್ ಮೈಗೆ ಸೋರುತ್ತಿರಬಹುದು. ಟ್ರಿಪ್ ಆಗದ ಹಾಗೆ ಅರ್ಥ್ ಪಿನ್ ಮುರಿದು ಹಾಕುವ ಸಾಹಸ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಬದಲಾಯಿಸಲೇಬೇಕಾದರೆ

ಹಳೆಯದನ್ನು ಕೈಯಲ್ಲೇ ತಗೊಂಡು ಅಂಗಡಿಗೆ ಹೋಗಿ. ಅದರ ಮೈಮೇಲೆ 250 ವೋಲ್ಟ್, 16 ಆಂಪ್ ಅಂತೆಲ್ಲಾ ಅಚ್ಚಾಗಿರುತ್ತದೆ. ಹೊಸದು ಅಷ್ಟೇ ಆಂಪ್ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಕಡಿಮೆ ಇರಬಾರದು. ಎಷ್ಟು ಡಿಗ್ರಿ ತನಕ ಹೋಗುತ್ತದೆ ಅನ್ನುವುದು ಒಂದೇ ಇರಬೇಕು, ಇಲ್ಲದಿದ್ದರೆ ನಾಬಿನ ಸುತ್ತ ಬರೆದ ಅಂಕಿಗಳೆಲ್ಲಾ ಸುಳ್ಳಾಗುತ್ತವೆ. ನಾಬ್ ಕೂರುವ ಕಡ್ಡಿಯ ಆಕಾರ, ಕೊಳವೆ ಇದ್ದರೆ ಅದರ ಉದ್ದ, ನಾಳದ ಉದ್ದ ಕೂಡ ಹೊಂದಬೇಕು. ಕೊಳವೆಯನ್ನು ಕ್ಲಿಪ್ಪಿನಲ್ಲಿ ಸರಿಯಾಗಿ ಕೂರಿಸಿ, ಗೋಡೆಗೆ ತಾಗಿಕೊಂಡೋ ರಾಡಿನ ಪಕ್ಕಕ್ಕೆ ವಾಲಿಕೊಂಡೋ ಇದ್ದರೆ ಹೊಸದೂ ತಪ್ಪು ಲೆಕ್ಕವೇ ಕೊಡುತ್ತದೆ. ನಾಳವನ್ನು ಚೂಪಾಗಿ ಮಡಚಬೇಡಿ. ಎಲ್ಲಾ ಮುಗಿದ ಮೇಲೆ ಆರು ರೀಡಿಂಗ್ ಪರೀಕ್ಷೆ ಇನ್ನೊಂದು ಸಲ, ರಿಪೇರಿಯವರು ಮಾಡಿದ್ದಾದರೂ ಸರಿ.

ರಿಪೇರಿಯವರನ್ನು ಕರೆದರೆ ಒಂದೇ ಪ್ರಶ್ನೆ ಕೇಳಿ: "ಹೋಗಿದೆ ಅಂತ ಹೇಗೆ ಗೊತ್ತಾಯಿತು?" ಮೀಟರ್ ತೆಗೆದು ತೋರಿಸಿದರೆ ಒಳ್ಳೆಯ ಕೆಲಸಗಾರ. ಹಳೆಯ ಬಿಡಿಭಾಗವನ್ನು ಕೇಳಿ ಇಸ್ಕೊಳ್ಳಿ.

ಆಂಟಿ ಇಸ್ಕೊಂಡಿದ್ದರು. ಕೆಳಗಿನ ರಾಡ್ ಬದಲಾಯಿಸಿದ ಮೇಲೆ, ರಿಪೇರಿಯವನು ಕಿತ್ತುಹಾಕಿದ್ದ ಆ ಹಳೇ ಥರ್ಮೋಸ್ಟಾಟನ್ನು ನನಗೇ ಕೊಟ್ಟರು. ಈಗ ಅದು ನನ್ನ ಟೇಬಲ್ ಡ್ರಾಯರಿನಲ್ಲಿದೆ. ಮಗಳ ಗೆಳತಿಯರು ಬಂದಾಗ ಮೀಟರಿಗೆ ಕಟ್ಟಿ, ಹೇರ್ ಡ್ರೈಯರ್ ಹಿಡಿದು ತೋರಿಸುತ್ತೇನೆ. ಪಟ್ಟಿ ನಿಧಾನಕ್ಕೆ ಬಾಗುತ್ತದೆ, ಟಿಕ್ ಅನ್ನುತ್ತದೆ, ಬೀಪ್ ನಿಲ್ಲುತ್ತದೆ. ಗಾಳಿ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್, ಮತ್ತೆ ಬೀಪ್.